ಎಚ್‌ಒಎ ಬಡಾವಣೆಯಲ್ಲಿ ನನ್ನ ಮೂವತ್ತು ದಿನದ ಬಾಡಿಗೆ

ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಇರುವ ಕಡೆ ಏರ್‌ಬಿಎನ್‌ಬಿ ಥರದ ಬಾಡಿಗೆ ನಡೆಯಲ್ಲ, ಮನೆ ಮಾರಿಬಿಡು ಅಂತ ಡಲ್ಲಾಸ್‌ನ ಗೆಳೆಯರೆಲ್ಲ ಹೇಳಿದ್ದರು. ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿರುವ ಅದೇ ಮನೆ ಈಗ ವರ್ಷಕ್ಕೆ ಹೆಚ್ಚುಕಮ್ಮಿ ಹನ್ನೊಂದು ತಿಂಗಳು ತುಂಬಿರುತ್ತದೆ.

ಮೊದಲು ನಾನೂ ದಿನದ ಲೆಕ್ಕದಲ್ಲೇ ಕೊಡುತ್ತಿದ್ದೆ. ನಮ್ಮ ಬಡಾವಣೆಯ ನಿಯಮಪತ್ರ ಸಿಸಿಆರ್‌ನಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಇಂಥದೇ ಬಾಡಿಗೆಯ ಜಗಳದ 2018ರ ಟಾರ್ ಕೇಸಿನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಮನೆ ಮಾಲೀಕನ ಪರ ತೀರ್ಪು ಕೊಟ್ಟಿದ್ದೂ ಧೈರ್ಯವಾಗಿತ್ತು. ಕಾಟ ಬಂದದ್ದು ಕಸದ ಡಬ್ಬಿಯಿಂದ. ಗೆಸ್ಟ್‌ಗಳು ಭಾನುವಾರ ಡಬ್ಬಿಯನ್ನು ರಸ್ತೆಯಂಚಿಗೆ ತಳ್ಳಿ ಹೊರಟುಬಿಡುತ್ತಾರೆ. ಕಸದ ಗಾಡಿ ಬರುವುದು ಬುಧವಾರ. ಅಷ್ಟರಲ್ಲಿ ಎದುರುಮನೆಯವರು ಎಚ್‌ಒಎಗೆ ಫೋಟೋ ಕಳಿಸಿರುತ್ತಾರೆ, ನನಗೆ ಅಲ್ಲಿಂದ ಸರ್ಟಿಫೈಡ್ ಅಂಚೆಯಲ್ಲಿ ನೋಟಿಸ್ ಪತ್ರ ಬಂದಿರುತ್ತದೆ. ಕೊನೆಗೆ 67% ಮತ ಕೂಡಿಸಿ, ದಿನದ ಬಾಡಿಗೆ ನಿಲ್ಲುವಂತೆ ನಿಯಮವನ್ನೇ ಬದಲಿಸುವ ಮಾತು ಶುರುವಾಯಿತು.

ದುಡ್ಡಾದರೂ ಉಳಿಯಿತಾ? ಒಳ್ಳೆ ತಿಂಗಳಲ್ಲಿ 5,500 ಡಾಲರ್ ಬರುತ್ತಿತ್ತು. ಪ್ರತಿ ಸಲ ಕ್ಲೀನಿಂಗ್‌ಗೆ 160-170, ರಾಜ್ಯದ ಹೋಟೆಲ್ ತೆರಿಗೆ 6%, ಊರಿನದ್ದು ಬೇರೆ, ಜೊತೆಗೆ ದಂಡ. ಜನವರಿ, ಫೆಬ್ರವರಿ ಪೂರಾ ಖಾಲಿ. ಸಾಲದ ಕಂತು ಕಟ್ಟಿದರೆ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ.

ಆಗ ಕನಿಷ್ಠ ಮೂವತ್ತು ದಿನದ ಲೀಸ್‌ಗೆ ಬಂದೆ. ಹೋಟೆಲ್ ತೆರಿಗೆ ಹೋಯಿತು. ಬಾಡಿಗೆದಾರರ ಹೆಸರು, ಕಾರ್ ನಂಬರ್ ನಾನೇ ಎಚ್‌ಒಎ ಬೋರ್ಡಿಗೆ ಕೊಟ್ಟೆ, ಪತ್ರಗಳು ನಿಂತವು. ಇಂಥ ಮನೆಗಳಿಗೆ ಹದಿಮೂರು ವಾರದ ಕಾಂಟ್ರಾಕ್ಟಿನ ನರ್ಸ್‌ಗಳು ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ನನಗೆ ಕೈಹಿಡಿದದ್ದು ಆಲಿಕಲ್ಲು ಮಳೆ. ಚಾವಣಿ ಒಡೆದು ನೀರು ನುಗ್ಗಿದ ಮನೆಯವರಿಗೆ ರಿಪೇರಿ ಮುಗಿಯುವವರೆಗೆ ವಿಮೆ ಕಂಪನಿ ಬಾಡಿಗೆ ಕೊಡುತ್ತದೆ. ಮಕ್ಕಳ ಸ್ಕೂಲ್ ಬದಲಾಗಬಾರದು, ಹಾಗಾಗಿ ಅವರಿಗೆ ಅದೇ ಬಡಾವಣೆಯಲ್ಲೇ ಮನೆ ಬೇಕು. ಬಾಡಿಗೆ ತಿಂಗಳಿಗೆ 4,200 ಡಾಲರ್ ಆಸುಪಾಸು; ಕರೆಂಟು, ಇಂಟರ್‌ನೆಟ್ಟು ಸೇರಿ ನನ್ನ ಖರ್ಚು 350. ಕ್ಲೀನಿಂಗ್ ವರ್ಷಕ್ಕೆ ನಾಲ್ಕೈದು ಸಲ. ಇಂಥ ಕುಟುಂಬಗಳಿಗೆ ಮನೆ ಹುಡುಕಿಕೊಡುವ ಏಜೆನ್ಸಿಗಳ ಪಟ್ಟಿಗೆ ಹೇಗೆ ಸೇರಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಇನ್ನೊಂದು ಪ್ರಯೋಗ. ಇಲ್ಲಿರುವ ನಮ್ಮವರ ಅಪ್ಪ-ಅಮ್ಮ ಬೇಸಿಗೆಗೆ ಊರಿಂದ ಬರುತ್ತಾರಲ್ವಾ, ಅವರಿಗಾಗಿ ಟೇಬಲ್‌ಟಾಪ್ ಗ್ರೈಂಡರ್, ದೋಸೆ ಕಾವಲಿ, ಬಚ್ಚಲಿಗೆ ಬಕೆಟ್ಟು-ಚೊಂಬು ಇಟ್ಟೆ. ಎಲ್ಲಾ ಸೇರಿ 300 ಡಾಲರೂ ಆಗಲಿಲ್ಲ. ಹನುಮಂತನ ಗುಡಿ ಹತ್ತಿರ ಅಂತ ವಾಟ್ಸಾಪ್‌ನಲ್ಲಿ ಹಾಕಿದ್ದೇ ತಡ, ಬೇಸಿಗೆ ತುಂಬಿತು. ಹಿರಿಯರು ಎಸಿ ಆರಿಸಿಡುತ್ತಾರೆ, ಬಿಲ್ಲೂ ಇಳಿಯಿತು. ಅದಕ್ಕೂ ಮೊದಲು ಹಾಕಿಸಿದ್ದ ಸದ್ದು ಅಳೆಯುವ ಯಂತ್ರಕ್ಕೆ ಕೊಟ್ಟ ದುಡ್ಡು ಮಾತ್ರ ಸುಮ್ನೆ ವ್ಯರ್ಥ.

ಈಗ ಪಕ್ಕದ ಊರು ಮೆಕಿನ್ನಿಯಲ್ಲಿ ಎರಡನೇ ಮನೆ ನೋಡುತ್ತಿದ್ದೇನೆ. ಕೆಲವು ಸಿಸಿಆರ್‌ಗಳಲ್ಲಿ ಆರು ತಿಂಗಳಿಗಿಂತ ಕಡಿಮೆ ಲೀಸ್ ಕೂಡದು ಅಂತಿರುತ್ತದೆ. ಅದಕ್ಕೇ ಕೌಂಟಿ ಕ್ಲರ್ಕ್ ದಾಖಲೆಯಲ್ಲಿ ತಿದ್ದುಪಡಿಗಳನ್ನೂ ಓದಿಯೇ ಆಫರ್ ಹಾಕುವುದು.