ಕರೆಂಟ್ ಬಂದರೆ ಸಾಕು, 16 ನೋಡ್‌ಗಳೂ ತಾವೇ ಏಳುತ್ತವೆ: ನನ್ನ ಅನುಭವ

ಕಂಪ್ಯೂಟರ್‌ಗಳನ್ನು ಅತಿ ವೇಗವಾಗಿ ಜೋಡಿಸುವ ನೆಟ್‌ವರ್ಕ್ ಇನ್ಫಿನಿಬ್ಯಾಂಡ್. ಅದರಲ್ಲಿ ಪ್ರತಿ ಪೋರ್ಟಿಗೂ ವಿಳಾಸ ಕೊಟ್ಟು ಚಾಲೂ ಮಾಡುವ ಸಾಫ್ಟ್‌ವೇರ್ ಸಬ್‌ನೆಟ್ ಮ್ಯಾನೇಜರ್. ಅದು ಒಳಗೇ ಇಲ್ಲದ ಸ್ವಿಚ್ ತಗೋಬೇಡಿ, ಕೈಕೊಡುತ್ತೆ ಅಂತ ನನಗೆ ಹೇಳದವರೇ ಇಲ್ಲ. ಪೀಣ್ಯದ ನಮ್ಮ ಆಫೀಸಿನಲ್ಲಿ ಈಗ 16 ನೋಡ್‌ಗಳು, ಅಂದರೆ ಒಟ್ಟಿಗೆ ಲೆಕ್ಕ ಮಾಡುವ ಕಂಪ್ಯೂಟರ್‌ಗಳು, ಅಂಥದ್ದೇ ಸ್ವಿಚ್ ಮೇಲೆ ಓಡುತ್ತಿವೆ. ಕರೆಂಟ್ ಹೋಗಿ ಬಂದರೂ ಯಾರೂ ಕೀಬೋರ್ಡ್ ಮುಟ್ಟಬೇಕಿಲ್ಲ.

ಮೊದಲು ದುಡ್ಡಿನ ಮಾತು. ಮ್ಯಾನೇಜರ್ ಒಳಗೇ ಇರುವ ಮ್ಯಾನೇಜ್ಡ್ ಸ್ವಿಚ್‌ಗೆ ಬಂದ ಕೊಟೇಶನ್ ನಾಲ್ಕು ಲಕ್ಷದ ಹತ್ತಿರ ಇತ್ತು. ನಾನು 36 ಪೋರ್ಟಿನ ಹಳೇ ಕ್ಯೂಡಿಆರ್ (ಹಿಂದಿನ ತಲೆಮಾರಿನ ಇನ್ಫಿನಿಬ್ಯಾಂಡ್) ಸ್ವಿಚ್ಚನ್ನು 40 ಸಾವಿರದೊಳಗೆ ತಂದೆ. ನೋಡ್‌ಗಳಿಗೆ ಹಾಕುವ ಇನ್ಫಿನಿಬ್ಯಾಂಡ್ ಕಾರ್ಡುಗಳು ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿದ ಮೇಲೆ ಒಂದಕ್ಕೆ ಎರಡೂವರೆ ಸಾವಿರ ಬಿದ್ದವು. ಜಾಸ್ತಿ ಕಾಡಿದ್ದು ಕೇಬಲ್. ಮೂರು ನಾಲ್ಕು ಕೇಬಲ್‌ಗಳಲ್ಲಿ ಲಿಂಕ್ ನಾಲ್ಕು ಲೇನ್ (4ಎಕ್ಸ್) ಬದಲು ಒಂದೇ ಲೇನ್‌ನಲ್ಲಿ (1ಎಕ್ಸ್) ಬರುತ್ತಿತ್ತು. ದೀಪ ಹತ್ತಿತಲ್ಲ ಅಂತ ಬಿಟ್ಟುಬಿಡಬೇಡಿ, ಐಬಿಲಿಂಕ್‌ಇನ್ಫೋ ಕಮಾಂಡ್ ಓಡಿಸಿ ಲಿಂಕಿನ ಅಗಲ ನೋಡಿ. ಸಿಂಬಲ್ ಎರರ್ (ಸಿಗ್ನಲ್ ತಪ್ಪಾಗಿ ಬಂದದ್ದರ ಲೆಕ್ಕ) ಏರುತ್ತಾ ಹೋದರೆ ಆ ಕೇಬಲ್ ವಾಪಸ್.

ನಿಜವಾದ ತಲೆನೋವು ಬೂಟ್ ಆಗುವಾಗಿನದು. ಸ್ವಿಚ್‌ನೊಳಗೆ ಮ್ಯಾನೇಜರ್ ಇಲ್ಲದ ಕಾರಣ ಅದರ ಕೆಲಸ ಮಾಡುವ ಓಪನ್‌ಎಸ್‌ಎಂ ಸಾಫ್ಟ್‌ವೇರ್, ಎಲ್ಲರೂ ಮಾಡುವ ಹಾಗೆ, ಮುಖ್ಯ ಕಂಪ್ಯೂಟರ್ ಆದ ಹೆಡ್ ನೋಡ್ ಮೇಲಿತ್ತು. ಕರೆಂಟ್ ಬಂದ ಮೇಲೆ ಕಂಪ್ಯೂಟ್ ನೋಡ್‌ಗಳು ಎರಡು ಮೂರು ನಿಮಿಷಕ್ಕೆ ಏಳುತ್ತವೆ. ಹೆಡ್ ನೋಡ್ ರೇಡ್ ಡಿಸ್ಕ್‌ಗಳನ್ನೆಲ್ಲ ತಪಾಸಣೆ ಮಾಡಿ ಏಳಲು ಹತ್ತು ನಿಮಿಷಕ್ಕೂ ಜಾಸ್ತಿ. ಅಷ್ಟು ಹೊತ್ತೂ ಕಾರ್ಡುಗಳಲ್ಲಿ ಕೇಬಲ್ ಸಿಕ್ಕಿದೆ ಅನ್ನುವ ಹಸಿರು ದೀಪ ಉರಿಯುತ್ತಿತ್ತು, ಪೋರ್ಟ್ ಚಾಲೂ ಆಗಿದೆ ಅನ್ನುವ ಹಳದಿ ಹತ್ತುತ್ತಿರಲಿಲ್ಲ. ಐಬಿಸ್ಟ್ಯಾಟ್ ಕಮಾಂಡ್ ಕೊಟ್ಟು ನೋಡಿದರೆ ಫಿಸಿಕಲ್ ಸ್ಟೇಟ್ ಲಿಂಕ್‌ಅಪ್, ಸ್ಟೇಟ್ ಮಾತ್ರ ಇನಿಶಿಯಲೈಸಿಂಗ್, ಲಿಡ್ (ಪೋರ್ಟಿನ ವಿಳಾಸ) 0. ವಿಳಾಸ ಕೊಡುವವರೇ ಎದ್ದಿಲ್ಲ, ಪಾಪ ಪೋರ್ಟ್ ಏನು ಮಾಡೀತು? ಐಪಿ ಬರಲ್ಲ, ಸ್ಕ್ರ್ಯಾಚ್ (ಹೆಡ್ ನೋಡ್ ಹಂಚುವ ತಾತ್ಕಾಲಿಕ ಡಿಸ್ಕ್) ಮೌಂಟ್ ಆಗಲ್ಲ, ಜಾಬ್ ಹಂಚುವ ಸ್ಲರ್ಮ್ ನೋಡ್‌ಗಳನ್ನು ಡೌನ್ ಅಂತ ಗುರುತು ಹಾಕುತ್ತೆ. ಬೆಳಗ್ಗೆ ಬಂದು ಒಂದೊಂದನ್ನೇ ಎಬ್ಬಿಸಬೇಕು. ರಾತ್ರಿಯ ಜಾಬ್‌ಗಳೆಲ್ಲ ದಂಡ. ಸಪೋರ್ಟಿಗೆ ಬಂದ ಇಂಜಿನಿಯರ್ ಒಂದೇ ಮಾತು: "ಸಾರ್, ಸ್ವಿಚ್ ಬದಲಾಯಿಸಿ."

ನಾನು ಸ್ವಿಚ್ ಬಿಟ್ಟು ಮ್ಯಾನೇಜರ್‌ನ ಜಾಗ ಬದಲಾಯಿಸಿದೆ. ಮೂಲೆಗೆ ಸೇರಿದ್ದ ಡೆಸ್ಕ್‌ಟಾಪ್‌ಗೆ ಚಿಕ್ಕ ಎಸ್‌ಎಸ್‌ಡಿ ಹಾಕಿ, ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿಗೆ ಇನ್ಫಿನಿಬ್ಯಾಂಡ್ ಕಾರ್ಡ್ ಕೂರಿಸಿದೆ. ಅದರಲ್ಲಿ ಓಪನ್‌ಎಸ್‌ಎಂ ಬಿಟ್ಟು ಬೇರೇನೂ ಓಡುವುದಿಲ್ಲ. ಅರ್ಧ ನಿಮಿಷಕ್ಕೆ ಎದ್ದು ಕೂರುತ್ತೆ. ಅದಕ್ಕೆ ಪ್ರಯಾರಿಟಿ 14, ಹೆಡ್ ನೋಡ್‌ಗೆ 5 ಕೊಟ್ಟು ಸ್ಟ್ಯಾಂಡ್‌ಬೈ ಮಾಡಿದೆ. ಎರಡಕ್ಕೂ ಒಂದೇ ಪ್ರಯಾರಿಟಿ ಬಿಟ್ಟರೆ ಗೈಡ್ (ಕಾರ್ಡಿನ ಹುಟ್ಟು ಗುರುತಿನ ಸಂಖ್ಯೆ) ಚಿಕ್ಕದಿರುವುದೇ ಯಜಮಾನ ಆಗುತ್ತೆ, ತಡವಾಗಿ ಎದ್ದ ಹೆಡ್ ನೋಡ್ ಮಧ್ಯದಲ್ಲಿ ಬಂದು ಅಧಿಕಾರ ಕಿತ್ತುಕೊಳ್ಳಬಹುದು. ಯಾವ ಗೈಡ್‌ಗೆ ಯಾವ ಲಿಡ್ ಅಂತ ಬರೆದಿಡುವ ಗೈಡ್‌ಟುಲಿಡ್ ಫೈಲನ್ನು ಎರಡೂ ಕಡೆ ಒಂದೇ ಇಟ್ಟು, ಸ್ಟ್ಯಾಂಡ್‌ಬೈ ಯಜಮಾನ ಆದಾಗಲೂ ಅದನ್ನೇ ಪಾಲಿಸು ಅನ್ನುವ ಆಯ್ಕೆಯನ್ನು ಟ್ರೂ ಮಾಡಿದ್ದೇನೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಉಳಿದ ಕೆಲಸ ನೋಡ್‌ಗಳದ್ದು. ಮೌಂಟ್‌ಗೂ ಮುಂಚೆ ಒಂದು ಸಣ್ಣ ಸ್ಕ್ರಿಪ್ಟ್ ಪೋರ್ಟಿನ ಸ್ಟೇಟ್ ಫೈಲ್ ಓದುತ್ತಾ ಕಾಯುತ್ತೆ. 2 ಅಂದರೆ ಇನಿಟ್, 3 ಅಂದರೆ ಆರ್ಮ್ಡ್, 4 ಅಂದರೆ ಆಕ್ಟಿವ್. 3 ಕಣ್ಣಿಗೆ ಬೀಳುವುದೇ ಅಪರೂಪ, ಅಷ್ಟು ಬೇಗ ದಾಟುತ್ತೆ. ಎಷ್ಟು ಹೊತ್ತು ಕಾಯಬೇಕು, 4 ಬರದೇ ಹೋದರೆ ಸ್ಕ್ರಿಪ್ಟ್ ಏನು ಮಾಡುತ್ತೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದನ್ನು ಹದಕ್ಕೆ ತರಲು ಬಹಳ ನಿದ್ದೆಗೆಟ್ಟಿದ್ದೇನೆ.

  

ಈಗ ಮೇನ್ ಆನ್ ಮಾಡಿದ ಮೇಲೆ ಐದು ನಿಮಿಷದೊಳಗೆ 16 ಹಳದಿ ದೀಪಗಳೂ ಹತ್ತುತ್ತವೆ. ಹೆಡ್ ನೋಡ್ ಎದ್ದು ಸ್ಕ್ರ್ಯಾಚ್ ಕೊಡುವ ತನಕ ಸ್ಕ್ರಿಪ್ಟ್ ತಾಳ್ಮೆಯಿಂದ ಕಾಯುತ್ತೆ. ಡೆಸ್ಕ್‌ಟಾಪಿನ ಖರ್ಚು, ಎಸ್‌ಎಸ್‌ಡಿ ಸೇರಿ, ಐದು ಸಾವಿರ ದಾಟಿಲ್ಲ.