ಹಳೆ ದೋಣಿಗೆ ಎಷ್ಟು ಎಚ್‌ಪಿ? ನಾನು ಎಂಜಿನ್ ಆರಿಸಿದ ಬಗೆ

ನನ್ನದು ಹದಿನಾರು ಅಡಿಯ ಹಳೆ ಫೈಬರ್ ದೋಣಿ. ಎಂಜಿನ್ ಬದಲಿಸಬೇಕು ಅಂದಾಗ ಎಲ್ಲರೂ ಕೇಳಿದ್ದು ‘ಎಷ್ಟು ಎಚ್‌ಪಿ ಹಾಕ್ತೀರಿ?’ ಅಂತ. ಹಳೆ ದೋಣಿಯಾದರೆ ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಎಂಜಿನ್ ಅಂಗಡಿಯಲ್ಲಲ್ಲ, ದೋಣಿಯ ಹಿಂಬದಿಯಲ್ಲಿ. ಎಂಜಿನ್ ನೇತುಬೀಳುವ ಹಲಗೆ, ಅಂದರೆ ಟ್ರಾನ್ಸಮ್, ಎಷ್ಟು ತಡೆದೀತು ಎಂಬುದು ಗೊತ್ತಾಗದೆ ಉಳಿದ ಯಾವ ಲೆಕ್ಕಕ್ಕೂ ಬೆಲೆಯಿಲ್ಲ.

ಫೈಬರ್ ದೋಣಿಗಳ ಟ್ರಾನ್ಸಮ್ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದರೆ ಹೊರಗೆ ಏನೂ ತಿಳಿಯದು, ಒಳಗೆ ಮರ ಕೊಳೆತಿರುತ್ತದೆ. ಸುತ್ತಿಗೆಯ ಹಿಡಿಯಿಂದ ಗೇಣಿಗೊಂದರಂತೆ ತಟ್ಟುತ್ತಾ ಬಂದೆ. ಗಟ್ಟಿ ಮರ ‘ಟಕ್’ ಅನ್ನುತ್ತದೆ, ಕೊಳೆತದ್ದು ‘ಡಬ್’ ಅನ್ನುತ್ತದೆ. ನೀರು ಬಸಿಯುವ ತೂತಿನ ಸುತ್ತ ಅಂಗೈಯಗಲ ಡಬ್ ಅಂತು. ಒಳಗಿನಿಂದ ಸಣ್ಣ ಡ್ರಿಲ್ ಇಳಿಸಿದರೆ ಕಪ್ಪಗಿನ ಒದ್ದೆ ಹಿಟ್ಟು ಬಂತು. ಎಂಜಿನ್ ಬೋಲ್ಟ್ ಕೂರುವ ಮೇಲ್ಭಾಗದಲ್ಲಿ ಮಾತ್ರ ತಿಳಿಬಣ್ಣದ ಒಣ ಹುಡಿಯೇ ಬಂತು. ಹಳೆ ಎಂಜಿನ್ನನ್ನು ಅರ್ಧ ಎತ್ತಿ, ಅದರ ಕೆಳತುದಿ ಹಿಡಿದು ಜಗ್ಗಿಯೂ ನೋಡಿದೆ, ಹಲಗೆ ಬಾಗಲಿಲ್ಲ. ಕೆಟ್ಟ ಭಾಗ ಕಿತ್ತು, ಹೊಸ ಪ್ಲೈವುಡ್ ಕೂರಿಸಿ, ಎಪಾಕ್ಸಿ ಅಂಟು ಹಾಕಿ ಮುಚ್ಚಿದ ಮೇಲೆಯೇ ಎಚ್‌ಪಿ ಮಾತು.

ಗರಿಷ್ಠ ಸಾಮರ್ಥ್ಯ ಬರೆದ ಫಲಕ ನನ್ನ ದೋಣಿಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದ ಸೂತ್ರ ಹಿಡಿದೆ. ದೋಣಿಯ ಉದ್ದವನ್ನು ಟ್ರಾನ್ಸಮ್ ಅಗಲದಿಂದ ಗುಣಿಸಬೇಕು, ಎರಡೂ ಅಡಿಯಲ್ಲಿ. ನನ್ನದು 16 ಗುಣಿಸು 5.5, ಅಂದರೆ 88. ಸ್ಟೀರಿಂಗ್ ಚಕ್ರವಿದ್ದು ಟ್ರಾನ್ಸಮ್ 20 ಇಂಚು ಎತ್ತರವಿದ್ದರೆ ಇದರ ಎರಡರಷ್ಟರಲ್ಲಿ 90 ಕಳೆಯುತ್ತಾರೆ, 86 ಬರುತ್ತದೆ. ನನ್ನ ಹಾಗೆ ಎಂಜಿನ್ನಿನ ಹಿಡಿಕೆ ಹಿಡಿದೇ ನಡೆಸುವುದಾದರೆ 0.8ರಿಂದ ಗುಣಿಸಿ 25 ಕಳೆಯಬೇಕು, 45.4. ಮೇಲಿನ ಐದಕ್ಕೆ ಏರಿಸಿದರೆ 50. ತಳ ಚಪ್ಪಟೆಯಾಗಿ ಅಂಚು ಚೂಪಾಗಿರುವ ದೋಣಿಗೆ ಇನ್ನೂ ಕಡಿಮೆ. ಇದು ಮೇಲಿನ ಮಿತಿ ಮಾತ್ರ, ಅಷ್ಟೇ ಹಾಕಬೇಕೆಂದಲ್ಲ.

ಕೆಳಗಿನ ಮಿತಿ ಹೇಳುವುದು ತೂಕ. ಹಳೆ ದೋಣಿಯ ತಳದಲ್ಲಿ ತೇಲಲೆಂದು ತುಂಬಿದ ಫೋಮ್ ನೀರು ಕುಡಿದಿದ್ದರೆ ಕಾಗದದಲ್ಲಿರುವ ತೂಕ ನಂಬುವಂತಿಲ್ಲ. ಟ್ರೇಲರ್ ಸಮೇತ ತೂಕದ ಕಾಟಾಕ್ಕೆ ಒಯ್ದು, ಟ್ರೇಲರ್ ತೂಕ ಕಳೆದೆ. ಎಂಜಿನ್, ಪೆಟ್ರೋಲ್, ಇಬ್ಬರು ಜನ, ಬಲೆ, ಐಸ್ ಎಲ್ಲ ಸೇರಿ 740 ಕೆಜಿ ಆಯಿತು. ದೋಣಿ ನೀರಿನ ಮೇಲೆದ್ದು ಓಡಬೇಕಾದರೆ 18 ಕೆಜಿಗೆ ಒಂದು ಎಚ್‌ಪಿ ಎಂಬ ಅಂದಾಜಿದೆ, ಆ ಪ್ರಕಾರ 41. ನೀರನ್ನು ಸೀಳಿಕೊಂಡೇ ಸಾಗುವ ಭಾರಿ ಮರದ ದೋಣಿಗೆ ಈ ಲೆಕ್ಕ ಬೇಡ. ನೀರಿಗೆ ತಾಗುವ ಉದ್ದ 16 ಅಡಿ ಇದ್ದರೆ ಅದರ ಸಹಜ ವೇಗವೇ ಸುಮಾರು 5.4 ನಾಟ್ (ಗಂಟೆಗೆ 10 ಕಿ.ಮೀ.), ಟನ್ನಿಗೆ ಐದು ಎಚ್‌ಪಿ ಧಾರಾಳ, ಜಾಸ್ತಿ ಹಾಕಿದರೆ ಹಿಂಬದಿ ಕುಸಿದು ಪೆಟ್ರೋಲ್ ಸುಡುತ್ತದೆ ಅಷ್ಟೆ.

40 ಮತ್ತು 50ರ ಮಧ್ಯೆ ಯೋಚನೆ ನಿಂತಿತು. ಹಲವು ಕಂಪನಿಗಳ ಫೋರ್ ಸ್ಟ್ರೋಕ್‌ನಲ್ಲಿ ಇವೆರಡೂ ಒಂದೇ ಬ್ಲಾಕ್, ತೂಕವೂ ಹೆಚ್ಚುಕಡಿಮೆ ಅಷ್ಟೇ, 100 ಕೆಜಿ ಆಸುಪಾಸು. ನನ್ನ ಹಳೆ 40 ಟೂ ಸ್ಟ್ರೋಕ್ ಸುಮಾರು 70 ಕೆಜಿ ಇತ್ತು. ಅದರ ಕಾಲದಲ್ಲಿ ಎಚ್‌ಪಿಯನ್ನು ಎಂಜಿನ್ ತಲೆಯಲ್ಲೇ, ಗೇರಿನಲ್ಲಿ ಒಂದಿಷ್ಟು ಕಸುವು ಸೋರುವ ಮೊದಲೇ ಅಳೆಯುತ್ತಿದ್ದರು. 1980ರ ದಶಕದ ಮಧ್ಯದಿಂದ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಅಳೆಯುವುದು ರೂಢಿಯಾಯಿತು. ಅಂದರೆ ಇಂದಿನ 40 ಅಂದಿನ 40ಕ್ಕಿಂತ ಕಸುವುಳ್ಳದ್ದು.

ಆ 30 ಕೆಜಿ ಹೆಚ್ಚುವರಿ ಭಾರವೇ ನನ್ನ ಚಿಂತೆಯಾಗಿತ್ತು. ಖರೀದಿಗೆ ಮೊದಲು, ಹಳೆ ಎಂಜಿನ್ ಇರುವಾಗಲೇ ಅಷ್ಟು ತೂಕದ ಮರಳು ಚೀಲವನ್ನು ಟ್ರಾನ್ಸಮ್‌ಗೆ ಒರಗಿಸಿಟ್ಟು ದೋಣಿ ನೀರಿಗಿಳಿಸಿದೆ. ನೀರಿನ ಮಟ್ಟ ದೋಣಿಯೊಳಗಿನ ನೀರು ಹೊರಹೋಗುವ ತೂತಿನ ಅಂಚು ಮುಟ್ಟಿತು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮುಂದಕ್ಕೆ ಸರಿಸಿದ ಮೇಲೆ ಎರಡು ಬೆರಳು ಕೆಳಗೆ ಹೋಯಿತು. ಈ ಪರೀಕ್ಷೆಗೆ ಖರ್ಚಿಲ್ಲ, ದಯವಿಟ್ಟು ಬಿಡಬೇಡಿ.

50ನ್ನೇ ತಂದೆ. ಟ್ರಾನ್ಸಮ್ ತುದಿಯಿಂದ ತಳದವರೆಗೆ 20 ಇಂಚು ಇದ್ದದ್ದರಿಂದ ಲಾಂಗ್ ಶಾಫ್ಟ್, ಅಂದರೆ ಉದ್ದ ಕಾಲಿನ ಎಂಜಿನ್. 15 ಇಂಚಿದ್ದರೆ ಶಾರ್ಟ್ ಬೇಕು. ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ ದೋಣಿಯ ತಳಕ್ಕೆ ಸಮವಾಗಿ, ಇಲ್ಲವೇ ಒಂದಿಂಚಿನೊಳಗೆ ಕೆಳಗಿರಬೇಕು.

ಪೂರ್ತಿ ಹೊರೆ ಹಾಕಿ ಥ್ರಾಟಲ್ ತುಂಬ ತಿರುಗಿಸಿದಾಗ 4,900 ಆರ್‌ಪಿಎಂ ಬಂತು. ಈ ಎಂಜಿನ್ನಿಗೆ ಕಂಪನಿ ಹೇಳಿದ್ದು 5,000ದಿಂದ 6,000. ಪ್ರೊಪೆಲ್ಲರ್‌ನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಒಂದಿಂಚು ಇಳಿಸಿದರೆ 150–200 ಏರುತ್ತದೆ. 13 ಇಂಚು ಪಿಚ್‌ನ ಪ್ರೊಪೆಲ್ಲರ್ ತೆಗೆದು 11ರದ್ದು ಹಾಕಿದೆ. ಬಲೆ, ಐಸ್ ತುಂಬಿದ ದಿನವೂ ಈಗ 5,200 ದಾಟುತ್ತದೆ.