ಮದುವೆಮನೆ ರುಚಿಯ ಅನಾನಸ್ ಗೊಜ್ಜು

ಮದುವೆ ಊಟದಲ್ಲಿ ಎಲೆಯ ತುದಿಗೆ ಒಂದು ಚಮಚ ಬಡಿಸಿ ಮುಂದೆ ಹೋಗಿಬಿಡುತ್ತಾರೆ. ಇನ್ನೊಂದು ಸಲ ಬರುತ್ತಾರೇನೋ ಅಂತ ಕಾಯುತ್ತೇವೆ, ಅಲ್ವಾ? ಅದೇ ಅನಾನಸ್ ಗೊಜ್ಜು. ಉಡುಪಿ, ಮಂಗಳೂರು ಕಡೆಯವರು ಮೆಣಸ್ಕಾಯಿ ಎನ್ನುತ್ತಾರೆ. ಸಿಹಿ, ಹುಳಿ, ಖಾರ ಮೂರೂ ಒಟ್ಟಿಗೆ ನಾಲಿಗೆಗೆ ತಾಗಬೇಕು. ಮನೆಯಲ್ಲಿ ಮಾಡಲು ಮುಕ್ಕಾಲು ಗಂಟೆ ಸಾಕು. ಈ ಅಳತೆ ನಾಲ್ಕೈದು ಜನಕ್ಕೆ.

ಮೊದಲು ಹಣ್ಣು. ಬುಡದಲ್ಲಿ ಹಳದಿ ತಿರುಗಿರಬೇಕು, ಮೂಸಿದರೆ ಘಮ್ ಎನ್ನಬೇಕು, ಒತ್ತಿದರೆ ಮಾತ್ರ ಗಟ್ಟಿ ಇರಬೇಕು. ತೀರಾ ಕಳಿತದ್ದು ಬೇಯುವಾಗ ಮುದ್ದೆಯಾಗುತ್ತದೆ. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಸಣ್ಣ ಹೋಳು ಮಾಡಿ. 2 ಕಪ್ ಬೇಕು. ಹೊರದೇಶದಲ್ಲಿದ್ದು ಡಬ್ಬಿಯ ಹಣ್ಣೇ ಗತಿ ಎನ್ನುವವರು ಪಾಕ ಬಸಿದು ಬಳಸಿ, ಬೆಲ್ಲ ಅರ್ಧಕ್ಕೆ ಇಳಿಸಿ.

ಹೋಳಿಗೆ 1 ಕಪ್ ನೀರು, ಕಾಲು ಚಮಚ ಅರಿಶಿನ, ಸ್ವಲ್ಪ ಉಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ. ಹಸಿ ಅನಾನಸ್ ನಾಲಿಗೆ ಕೆರೆಯುವ ಗುಣ ಬೆಂದಾಗ ಹೋಗುತ್ತದೆ. ಹುಣಸೆ, ಬೆಲ್ಲ ಈಗಲೇ ಹಾಕಬೇಡಿ. ಅವು ಮೊದಲೇ ಬಿದ್ದರೆ ಹೋಳು ಮೆತ್ತಗಾಗಲು ಸತಾಯಿಸುತ್ತದೆ.

ಹಣ್ಣು ಬೇಯುವಷ್ಟರಲ್ಲಿ ಮಸಾಲೆ ಹುರಿಯಿರಿ. ಗೊಜ್ಜಿನ ಹಣೆಬರಹ ನಿರ್ಧಾರವಾಗುವುದು ಇಲ್ಲೇ. ಬಾಣಲೆಯಲ್ಲಿ 1 ಚಮಚ ಎಣ್ಣೆ, ಅದಕ್ಕೆ ಉದ್ದಿನಬೇಳೆ, ಕಡ್ಲೆಬೇಳೆ ತಲಾ 1 ಚಮಚ. ಬೇಳೆ ಬಣ್ಣ ತಿರುಗುತ್ತಿದ್ದಂತೆ ಕೊತ್ತಂಬರಿ ಬೀಜ 2 ಚಮಚ, ಮೆಂತ್ಯ ಕಾಲು ಚಮಚ, ಬ್ಯಾಡಗಿ ಮೆಣಸಿನಕಾಯಿ 6, ಗುಂಟೂರು 2. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಗುಂಟೂರು ಹಾಕಿದರೆ ಖಾರ ಜಾಸ್ತಿಯಾಗಿ ಹಣ್ಣಿನ ರುಚಿ ಮುಚ್ಚಿಹೋಗುತ್ತದೆ. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಕಹಿ. ಆಮೇಲೆ ಎಷ್ಟು ಬೆಲ್ಲ ಸುರಿದರೂ ಆ ಕಹಿ ಹೋಗುವುದಿಲ್ಲ, ಚೆಲ್ಲಿ ಮತ್ತೆ ಹುರಿಯುವುದೇ ವಾಸಿ.

ಎಳ್ಳು 1 ದೊಡ್ಡ ಚಮಚ, ಎಣ್ಣೆ ಇಲ್ಲದೆ ಬೇರೆಯಾಗಿ ಹುರಿಯಿರಿ. ಚಟಪಟ ಎಂದ ಕೂಡಲೇ ಇಳಿಸಿ. ಈ ಗೊಜ್ಜಿಗೆ ಮದುವೆಮನೆಯ ಘಮ ಬರುವುದು ಎಳ್ಳಿನಿಂದಲೇ. ಎಳ್ಳು ಬಿಟ್ಟು ಮಾಡುವವರೂ ಇದ್ದಾರೆ, ನನಗಂತೂ ಅದು ಸಪ್ಪೆ.

ಹುರಿದದ್ದೆಲ್ಲ ಆರಿದ ಮೇಲೆ ಅರ್ಧ ಕಪ್ ತೆಂಗಿನತುರಿ, ಗೋಲಿ ಗಾತ್ರದ ನೆನೆಸಿದ ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿ. ಹಣ್ಣು ಹುಳಿಯಿದ್ದರೆ ಹುಣಸೆ ಅರ್ಧ ಸಾಕು.

ಬೆಂದ ಹೋಳಿಗೆ ಮಸಾಲೆ, 3 ದೊಡ್ಡ ಚಮಚ ಪುಡಿ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ತಳ ಬೇಗ ಹಿಡಿಯುತ್ತದೆ, ಕೈಯಾಡಿಸುತ್ತಲೇ ಇರಿ. ಐದು ನಿಮಿಷಕ್ಕೆ ರುಚಿ ನೋಡಿ. ಬೆಲ್ಲದ ಲೆಕ್ಕ ಹೇಳುವುದು ಹಣ್ಣೇ ಹೊರತು ಪಾಕವಿಧಾನವಲ್ಲ. ಖಾರ ಮುಂದೆ ಬಂದರೆ ಇನ್ನಷ್ಟು ಬೆಲ್ಲ, ಸಿಹಿ ಮುಂದೆ ಬಂದರೆ ಚಿಟಿಕೆ ಉಪ್ಪು, ಸ್ವಲ್ಪ ಹುಳಿ. ಎಲೆಯ ಮೇಲೆ ಹಾಕಿದರೆ ಹರಿಯದಷ್ಟು ಗಟ್ಟಿಯಾದಾಗ ಇಳಿಸಿ. ಆರಿದಂತೆ ಇನ್ನೂ ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ.

ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ.

ಮಾಡಿದ ಕೂಡಲೇ ತಿನ್ನುವುದಕ್ಕಿಂತ ಎರಡು ಮೂರು ಗಂಟೆ ಬಿಟ್ಟರೆ ಹೋಳು ಮಸಾಲೆ ಹೀರಿಕೊಳ್ಳುತ್ತದೆ. ಬಿಸಿ ಅನ್ನಕ್ಕೆ ಸೈ, ಚಪಾತಿ, ದೋಸೆಗೂ ಸೈ. ಹಸಿ ತೆಂಗಿನಕಾಯಿ ಇರುವುದರಿಂದ ಹೊರಗಿಟ್ಟರೆ ಬೇಗ ಹಳಸುತ್ತದೆ. ಫ್ರಿಜ್‌ನಲ್ಲಿ ಎರಡು ಮೂರು ದಿನ ಇಡಬಹುದು, ಒದ್ದೆ ಚಮಚ ಮಾತ್ರ ಹಾಕಬೇಡಿ.